ಕತ್ತು ಜೋತು ಬಿದ್ದಿದೆ, ಸರ್ಜರಿ ಬೇಡ: ಬೇರೆ ಏನು ಮಾಡಿಸಬಹುದು?

ಪ್ರಶ್ನೆ: ನನಗೆ 54 ವರ್ಷ, ಮಂಡ್ಯದಲ್ಲಿ ಶಿಕ್ಷಕಿ. ಶುಗರ್ ಬಂದ ಮೇಲೆ ವಾಕಿಂಗ್ ಮಾಡಿ 9 ಕೆಜಿ ಇಳಿಸಿದೆ. ಶುಗರ್ ಹತೋಟಿಗೆ ಬಂತು, ಆದರೆ ಕತ್ತಿನ ಚರ್ಮ ಜೋತು ಬಿದ್ದಿದೆ. ದವಡೆಯ ಅಂಚೂ ಮೊದಲಿನ ಹಾಗಿಲ್ಲ. ಇನ್ನು ಆರು ವಾರಕ್ಕೆ ಮಗಳ ಮದುವೆ. ಮೈಸೂರಿನ ಒಂದು ಕಡೆ ಹೈಫು ಮತ್ತು ಥ್ರೆಡ್ ಸೇರಿಸಿ ಪ್ಯಾಕೇಜ್ ಹೇಳಿದ್ದಾರೆ. ಈ ವಾರವೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿಯಂತೆ. 'ಈ ವಯಸ್ಸಲ್ಲಿ ಇದೆಲ್ಲ ಯಾಕೆ' ಅಂತ ಮನೆಯಲ್ಲಿ ಕೇಳ್ತಾರೆ. ಮಾಡಿಸಲಾ, ಬೇಡ್ವಾ ಡಾಕ್ಟ್ರೇ?

ಉತ್ತರ: ಅಡ್ವಾನ್ಸ್ ಕಟ್ಟಬೇಡಿ ಮೇಡಂ. ಆಸೆ ತಪ್ಪು ಅಂತಲ್ಲ. ಮಗಳ ಧಾರೆಯ ದಿನ ಚೆನ್ನಾಗಿ ಕಾಣಬೇಕು ಅನ್ನಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನಿಮಗೆ ಹೇಳಿರುವ ಪ್ಯಾಕೇಜ್ ನಿಮ್ಮ ಕತ್ತನ್ನು ನೋಡಿ ಹೇಳಿದ್ದಲ್ಲ ಅನ್ನಿಸುತ್ತದೆ.

ಕತ್ತು ಇಳಿಬೀಳುವುದಕ್ಕೆ ಕಾರಣ ಒಂದೇ ಅಲ್ಲ. ಚರ್ಮ ಸಡಿಲವಾಗಿರಬಹುದು. ಗದ್ದದ ಕೆಳಗೆ ಕೊಬ್ಬು ಸೇರಿರಬಹುದು. ಕತ್ತಿನ ಮುಂದೆ ಪ್ಲಟಿಸ್ಮಾ ಅನ್ನುವ ತೆಳುವಾದ ಸ್ನಾಯು ಇದೆ, ಅದು ಬಿಗಿದು ಉದ್ದುದ್ದ ಪಟ್ಟಿಗಳಾಗಿ ಎದ್ದು ಬರಬಹುದು. ವಯಸ್ಸಾದಂತೆ ದವಡೆಯ ಮೂಳೆಯೂ ಸವೆಯುತ್ತದೆ, ಆಗ ಮೇಲಿನ ಚರ್ಮಕ್ಕೆ ಆಧಾರ ಕಡಿಮೆಯಾಗುತ್ತದೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಕನ್ನಡಿ ಮುಂದೆ ನಿಂತು ಹಲ್ಲು ಕಚ್ಚಿ ಕೆಳತುಟಿಯನ್ನು ಕೆಳಕ್ಕೆ ಎಳೆಯಿರಿ. ಕತ್ತಿನಲ್ಲಿ ಹಗ್ಗದ ಹಾಗೆ ಎದ್ದು ಬಂದರೆ ಅದು ಸ್ನಾಯು. ಗದ್ದದ ಕೆಳಗೆ ಎರಡು ಬೆರಳಲ್ಲಿ ಹಿಡಿದು ನೋಡಿ. ದಪ್ಪವಾಗಿ ಸಿಕ್ಕಿದರೆ ಕೊಬ್ಬು, ತೆಳ್ಳಗೆ ಸಿಕ್ಕಿದರೆ ಬರೀ ಚರ್ಮ. ತೂಕ ಇಳಿಸಿದ ನಿಮಗೆ ಬಹುಶಃ ಚರ್ಮವೇ ಜಾಸ್ತಿ ಇರುತ್ತದೆ.

ಈಗ ಹೈಫು ವಿಷಯ. ಇದು ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಬಿಂದುವಿಗೆ ಸೇರಿಸಿ, ಚರ್ಮದ ಕೆಳಗೆ ಹೆಚ್ಚೆಂದರೆ 4.5 ಮಿಲಿಮೀಟರ್ ಆಳದಲ್ಲಿ ಬಿಸಿ ಮಾಡುತ್ತದೆ. ಆ ಬಿಸಿಗೆ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಳೆಗಳು ಕುಗ್ಗುತ್ತವೆ, ನಿಧಾನವಾಗಿ ಹೊಸ ಕೊಲಾಜನ್ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಬೇಕು. ನಿಮ್ಮ ಹತ್ತಿರ ಇರುವುದು ಆರು ವಾರ. ಚರ್ಮ ಸ್ವಲ್ಪ ಸಡಿಲವಾಗಿದ್ದರೆ ಮಾತ್ರ ಇದರಿಂದ ಪ್ರಯೋಜನ. ತುಂಬಾ ಜೋತು ಬಿದ್ದಿದ್ದರೆ ಯಾವ ಮೆಷಿನ್ನೂ ಸರ್ಜರಿಯಷ್ಟು ಎತ್ತುವುದಿಲ್ಲ. ಇದನ್ನು ಮುಖಕ್ಕೆ ಹೇಳದ ಕ್ಲಿನಿಕ್ ಬಗ್ಗೆ ನನಗೆ ಕೋಪ ಬರುತ್ತದೆ.

ಥ್ರೆಡ್, ಅಂದರೆ ಚರ್ಮದ ಕೆಳಗೆ ದಾರ ಹಾಕಿ ಎತ್ತುವುದು, ಅದರ ಬಗ್ಗೆ ಇನ್ನೂ ಎಚ್ಚರ ಬೇಕು. ಹೆಚ್ಚಾಗಿ ಬಳಸುವ ಪಿಡಿಓ ದಾರ ಸುಮಾರು ಆರು ತಿಂಗಳಲ್ಲಿ ಕರಗುತ್ತದೆ, ಎತ್ತಿದ್ದೂ ಕ್ರಮೇಣ ಇಳಿಯುತ್ತದೆ. ಕತ್ತಿನ ಚರ್ಮ ತೆಳು. ದಾರ ಹೊರಗೆ ಕಾಣಬಹುದು, ಗುಳಿ ಬೀಳಬಹುದು, ಸೋಂಕಾಗಬಹುದು. ಶುಗರ್ ಇರುವವರಿಗೆ ಸೋಂಕಿನ ಚಿಂತೆ ಇನ್ನೂ ಜಾಸ್ತಿ. ಮದುವೆ ಹತ್ತಿರ ಇಟ್ಟುಕೊಂಡು ಇದಕ್ಕೆ ಕೈ ಹಾಕಬೇಡಿ.

ಹಾಗಾದರೆ ಆರು ವಾರದಲ್ಲಿ ಏನೂ ಆಗುವುದಿಲ್ಲವಾ? ಕನ್ನಡಿ ಮುಂದೆ ಸ್ನಾಯುವಿನ ಪಟ್ಟಿ ಕಂಡಿದ್ದರೆ ಆಗುತ್ತದೆ. ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್, ಅಂದರೆ ಜನ ಬೊಟಾಕ್ಸ್ ಅನ್ನುತ್ತಾರಲ್ಲ ಅದು, ಕೆಲವೇ ದಿನದಲ್ಲಿ ಆ ಸ್ನಾಯುವನ್ನು ಸಡಿಲಿಸುತ್ತದೆ. ಎರಡು ವಾರಕ್ಕೆ ಪೂರ್ತಿ ಫಲ ಕಾಣುತ್ತದೆ, ಮೂರು ನಾಲ್ಕು ತಿಂಗಳು ಉಳಿಯುತ್ತದೆ. ಡಾಕ್ಟರುಗಳು ಇದನ್ನು ಕತ್ತಿಗೆ ಬಹಳ ಹಿಂದಿನಿಂದ ಕೊಡುತ್ತಿದ್ದರೂ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕತ್ತಿನ ಪಟ್ಟಿಗಳಿಗೆ ಒಪ್ಪಿಗೆ ಕೊಟ್ಟಿದ್ದು 2024ರಲ್ಲಿ. ಡೋಸ್ ಹೆಚ್ಚಾದರೆ ಅಥವಾ ಜಾಗ ತಪ್ಪಿದರೆ ನುಂಗಲು ಕಷ್ಟವಾಗುತ್ತದೆ, ಕತ್ತು ಎತ್ತಲು ಬಲ ಸಾಲದು. ಆದ್ದರಿಂದ ಅನುಭವ ಇರುವವರ ಕೈಯಲ್ಲೇ ಮಾಡಿಸಿ. ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರಿಗೆ ಇದು ಬೇಡವೇ ಬೇಡ.

ದವಡೆಯ ಅಂಚು ಮಸುಕಾಗಿದ್ದರೆ ಹೈಯಲುರಾನಿಕ್ ಆಸಿಡ್ ಫಿಲ್ಲರ್ ಇದೆ, ಅಂದರೆ ಚರ್ಮದ ಕೆಳಗೆ ಸೂಜಿಯಲ್ಲಿ ತುಂಬುವ ಜೆಲ್. ಫಲ ಆಗಲೇ ಕಾಣುತ್ತದೆ, ಆದರೆ ಊತ ಮತ್ತು ಕಂದಿದ ಗುರುತು ಇಳಿಯಲು ಸಮಯ ಬೇಕು. ಹಾಗಾಗಿ ಮದುವೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಮುಗಿಯಬೇಕು. ಅಪರೂಪಕ್ಕೆ ಫಿಲ್ಲರ್ ರಕ್ತನಾಳಕ್ಕೆ ಹೋಗಿ ಅಡ್ಡ ನಿಲ್ಲುತ್ತದೆ. ಆಗ ಅದನ್ನು ಕರಗಿಸಲು ಹೈಯಲುರಾನಿಡೇಸ್ ತಕ್ಷಣ ಬೇಕು. 'ಅದು ನಿಮ್ಮಲ್ಲಿ ಇದೆಯಾ' ಅಂತ ಬಾಯಿಬಿಟ್ಟು ಕೇಳಿ. ಎಕೋಸ್ಪ್ರಿನ್ ತರಹದ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಹೇಳಿ. ನೀವೇ ನಿಲ್ಲಿಸಬೇಡಿ.

ಮೊದಲು ಸರ್ಕಾರಿ ಆಸ್ಪತ್ರೆಗಳಾದ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಚರ್ಮ ವಿಭಾಗದಲ್ಲಿ ತೋರಿಸಿ. ಅಲ್ಲಿ ನಿಮಗೆ ಪ್ಯಾಕೇಜ್ ಮಾರುವವರು ಯಾರೂ ಇರುವುದಿಲ್ಲ. ಆಮೇಲೆ ಖಾಸಗಿ ಕ್ಲಿನಿಕ್‌ಗೆ ಹೋದರೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ ಪತ್ರ ಇದೆಯಾ ನೋಡಿ. ಇಂಜೆಕ್ಷನ್ ಕೊಡುವವರು ಯಾರು, ಅವರ ಮೆಡಿಕಲ್ ಕೌನ್ಸಿಲ್ ನಂಬರ್ ಏನು ಅಂತ ಕೇಳಿ. ಔಷಧದ ಪೆಟ್ಟಿಗೆಯನ್ನು ನಿಮ್ಮ ಎದುರೇ ತೆರೆಯಬೇಕು. ಗೋಡೆಯ ಮೇಲಿನ ಮೊದಲು-ಆಮೇಲೆ ಫೋಟೋಗಳಲ್ಲಿ ಗದ್ದ ಎಷ್ಟು ಎತ್ತಿದ್ದಾರೆ, ಬೆಳಕು ಎಲ್ಲಿಂದ ಬಿದ್ದಿದೆ ಅಂತಲೂ ಗಮನಿಸಿ. ಗದ್ದ ಸ್ವಲ್ಪ ಎತ್ತಿದರೆ ಎಲ್ಲರ ಕತ್ತೂ ಬಿಗಿಯಾಗಿ ಕಾಣುತ್ತದೆ, ಅಲ್ವಾ?

ಇವತ್ತಿನಿಂದಲೇ ಸನ್‌ಸ್ಕ್ರೀನ್ ಹಚ್ಚಿ, ಎಸ್‌ಪಿಎಫ್ 30 ಅಥವಾ ಜಾಸ್ತಿ. ಮುಖಕ್ಕೆ ಹಚ್ಚಿ ಕತ್ತು ಬಿಟ್ಟುಬಿಡುವವರೇ ಹೆಚ್ಚು. ರೆಟಿನಾಲ್ ಕ್ರೀಮ್ ಒಳ್ಳೆಯದೇ, ಆದರೆ ಅದನ್ನು ಮದುವೆ ಮುಗಿದ ಮೇಲೆ ಶುರು ಮಾಡಿ. ಕತ್ತು ಬೇಗ ಉರಿಯುತ್ತದೆ, ನಮ್ಮ ಬಣ್ಣದ ಚರ್ಮದಲ್ಲಿ ಉರಿದ ಜಾಗ ಕಪ್ಪಾಗಿ ಉಳಿಯುತ್ತದೆ. ರಾಸಾಯನಿಕ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಕೆಮಿಕಲ್ ಪೀಲ್ ಕೂಡ ಈಗ ಬೇಡ. ಹೈಫು ಬೇಕೇ ಅಂದರೆ ಮದುವೆಯ ಓಡಾಟ ಮುಗಿದ ಮೇಲೆ ನಿಧಾನವಾಗಿ ಯೋಚಿಸಿ.

ಪ್ರಶ್ನೆ: ವಯಸ್ಸು 43, ಮೈಸೂರು. ಡಬಲ್ ಚಿನ್ ಇದೆ. ನಮ್ಮ ಬಡಾವಣೆಯ ಬ್ಯೂಟಿ ಪಾರ್ಲರ್‌ನಲ್ಲಿ ಕೊಬ್ಬು ಕರಗಿಸುವ ಇಂಜೆಕ್ಷನ್ ಕಡಿಮೆ ರೇಟಿಗೆ ಕೊಡ್ತಾರೆ. ಹಾಕಿಸಬಹುದಾ ಸರ್? ರಾತ್ರಿ ಗೊರಕೆಯೂ ಇದೆ.

ಉತ್ತರ: ಪಾರ್ಲರ್‌ನಲ್ಲಿ ಬೇಡ. ಕೊಬ್ಬು ಕರಗಿಸಲು ಡಿಆಕ್ಸಿಕೋಲಿಕ್ ಆಸಿಡ್ ಅನ್ನುವ ಔಷಧ ಇರುವುದು ನಿಜ. ಗದ್ದದ ಕೆಳಗಿನ ಕೊಬ್ಬಿಗೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ತಿಂಗಳಿಗೊಮ್ಮೆ ಹಲವು ಸಲ ಹಾಕಬೇಕು, ಪ್ರತಿ ಸಲವೂ ಚೆನ್ನಾಗಿ ಊದುತ್ತದೆ. ದವಡೆಯ ಅಂಚಿನಲ್ಲಿ ತುಟಿಯನ್ನು ಕೆಳಕ್ಕೆ ಎಳೆಯುವ ನರ ಹೋಗುತ್ತದೆ. ಸೂಜಿ ಅಲ್ಲಿಗೆ ಹೋದರೆ ನಗು ಸೊಟ್ಟಗಾಗುತ್ತದೆ. ಸಾಮಾನ್ಯವಾಗಿ ಸರಿ ಹೋಗುತ್ತದೆ, ಆದರೆ ವಾರಗಟ್ಟಲೆ ಹಿಡಿಯಬಹುದು. ಪಾರ್ಲರ್‌ನಲ್ಲಿ ಬಾಟಲಿಯೊಳಗೆ ಏನಿದೆ ಅಂತ ಹೇಳುವವರೂ ಇರುವುದಿಲ್ಲ.

ನನಗೆ ನಿಮ್ಮ ಗೊರಕೆಯದ್ದೇ ಚಿಂತೆ. ಕತ್ತಿನ ಸುತ್ತಳತೆಯನ್ನು ಟೇಪಿನಲ್ಲಿ ನೋಡಿ. ಗಂಡಸರಲ್ಲಿ 17 ಇಂಚು ದಾಟಿದ್ದರೆ, ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ, ನಿದ್ದೆಯಲ್ಲಿ ಉಸಿರು ನಿಂತು ಹೋಗುವ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಇನ್ನೊಂದು ವಿಷಯ. ಊತ ಗದ್ದದ ಕೆಳಗಲ್ಲದೆ ಕತ್ತಿನ ಬುಡದಲ್ಲಿದ್ದು, ನೀರು ನುಂಗುವಾಗ ಮೇಲೆ ಕೆಳಗೆ ಓಡಾಡಿದರೆ ಅದು ಥೈರಾಯ್ಡ್ ಇರಬಹುದು. ಅದನ್ನು ಮೊದಲು ತೋರಿಸಿ.

ಪ್ರಶ್ನೆ: ನನಗೆ 26. ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪ ಆಗಿದೆ. ಉಜ್ಜಿದರೂ ಹೋಗ್ತಿಲ್ಲ. ಲೇಸರ್ ಮಾಡಿಸಲಾ?

ಉತ್ತರ: ಉಜ್ಜುವುದನ್ನು ಇವತ್ತೇ ನಿಲ್ಲಿಸಮ್ಮ, ಅದು ಕೊಳೆ ಅಲ್ಲ. ಹೆಚ್ಚಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹೀಗಾಗುತ್ತದೆ. ಲೇಸರ್‌ಗೆ ದುಡ್ಡು ಹಾಕುವ ಮೊದಲು ಶುಗರ್ ಟೆಸ್ಟ್ ಮಾಡಿಸು. ಮುಟ್ಟು ಏರುಪೇರಾಗುತ್ತಿದ್ದರೆ ಪಿಸಿಓಎಸ್ ಅನ್ನುವ ಹಾರ್ಮೋನ್ ತೊಂದರೆ ಬಗ್ಗೆಯೂ ಕೇಳು. ತೂಕ ಇಳಿದರೆ ಬಣ್ಣವೂ ನಿಧಾನವಾಗಿ ತಿಳಿಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಬೆಳ್ಳಗಾಗಿಸುವ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದನ್ನು ಮಾತ್ರ ಹಚ್ಚಬೇಡ.