ಅರಮನೆಯ ಮಾತಿಗೂ ಊರಿನ ಮಾತಿಗೂ ಒಂದೇ ಬೇರು

ಪತ್ರದ ಸಾರ: ಬಾಗೇಪಲ್ಲಿ ಕಡೆಯ ಓದುಗರೊಬ್ಬರು ಹವ್ಯಾಸಿ ತಂಡಕ್ಕಾಗಿ ಕಲ್ಪನೆಯ ಪಾಳೆಯಪಟ್ಟೊಂದರ ನಾಟಕ ಬರೆಯುತ್ತಿದ್ದಾರೆ. ದೊರೆಮನೆತನ ಮಾತ್ರ ಆಡುವ ಭಾಷೆಯೊಂದನ್ನು ಕಟ್ಟಿದ್ದಾರೆ. ಗಾಂಭೀರ್ಯಕ್ಕೆಂದು ಘ, ಝ, ಢ ತುಂಬಿದ್ದಾರೆ. ‘ಪಾಲ್’, ‘ಪುಲಿ’ ಎಂದು ಹಳಗನ್ನಡವನ್ನೂ ಬೆರೆಸಿ 300 ಪದ ಮಾಡಿದ್ದಾರೆ. ತಾಲೀಮಿನಲ್ಲಿ ನಟರು ತಡವರಿಸುತ್ತಾರೆ, ನೋಡುವವರು ನಗುತ್ತಾರೆ. ವ್ಯಾಕರಣ ಎಷ್ಟು ಬೇಕು ಎಂಬುದು ಅವರ ಪ್ರಶ್ನೆ.

ಉತ್ತರ: ನಗು ಬಂದದ್ದು ಸಹಜ. ಪದದ ಮೊದಲ ಪಕಾರ ಕನ್ನಡದಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಹಾಗೇ ಉಳಿಯಿತು. ನಿಮ್ಮೂರಿನ ಕಿವಿಗೆ ‘ಪಾಲ್’, ‘ಪುಲಿ’ ಹಳಗನ್ನಡವಲ್ಲ, ಪಕ್ಕದ ಮನೆಯ ಮಾತು. ಕಿವಿ, ಕೆರೆಗಳ ಕಕಾರವನ್ನು ಚಕಾರ ಮಾಡಿ ನೋಡೋಣವೆಂದರೆ ಅಲ್ಲೂ ತೆಲುಗಿನ ಚೆವಿ, ಚೆರುವು ಮೊದಲೇ ಕೂತಿವೆ. ಕೊನೆಯ ಉಕಾರ ಕಿತ್ತು ‘ಕಾಲ್’, ‘ಕಣ್’ ಎಂದರೆ ಕೆಜಿಎಫ್‌ ಕಡೆಯವರು ತಮಿಳು ಅನ್ನುತ್ತಾರೆ. ಮೂರು ಭಾಷೆ ಬಲ್ಲ ಸೀಮೆಯಲ್ಲಿ ನಾಟಕ ಆಡುವಾಗ ಬೇರುಪದಗಳನ್ನು ಹೊಸದಾಗಿ ಹುಟ್ಟಿಸುವುದೇ ಕ್ಷೇಮ.

ಮಹಾಪ್ರಾಣಗಳನ್ನು ಬಿಟ್ಟುಬಿಡಿ. ನಮ್ಮ ಆಡುಮಾತಿನಲ್ಲಿ ಘ–ಗ, ಭ–ಬ ಹೆಚ್ಚಾಗಿ ಒಂದೇ ಆಗಿಬಿಡುತ್ತವೆ. ನಟ ಎದೆಯುಬ್ಬಿಸಿ ಅಂದರೂ ಹಿಂದಿನ ಸಾಲಿಗೆ ವ್ಯತ್ಯಾಸ ಮುಟ್ಟದು, ಅವನಿಗೆ ಉಸಿರು ಸಾಲದು. ಅಲ್ಲಿಗೆ ಮುಟ್ಟುವುದು ದೀರ್ಘ, ಒತ್ತು, ಲ–ಳ ಭೇದ. ಕತೆಯನ್ನು ಕತ್ತೆ ಎಂದು ಯಾರೂ ತಪ್ಪಾಗಿ ಕೇಳಿಸಿಕೊಳ್ಳುವುದಿಲ್ಲ. ಪ, ತ, ಕ, ಬ, ದ, ಗ, ಮ, ನ, ರ, ಲ, ಳ, ಸ ಎಂಬ 12 ವ್ಯಂಜನ, ಐದು ಸ್ವರ, ಅವುಗಳ ದೀರ್ಘ ಸಾಕು.

ಈಗ ಮುಖ್ಯ ಸಂಗತಿ. ದೊರೆಗಳ ಭಾಷೆ ಆಕಾಶದಿಂದ ಬೀಳುವುದಿಲ್ಲ. ಉದಾಹರಣೆ ನಿಮ್ಮ ನೆರೆಯಲ್ಲೇ ಇದೆ. ತಲಕಾಡಿಗೆ ರಾಜಧಾನಿ ಬದಲಿಸಿದ ಮೇಲೂ ಗಂಗರು ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂದೇ ಕರೆಸಿಕೊಂಡರು. ಅತ್ತ ಕುವಳಾಲ ಜನರ ಬಾಯಲ್ಲಿ ಸವೆದು ಕೋಲಾಲ, ಕೋಲಾರ ಆಯಿತು. ಬಿರುದು ಹೆಪ್ಪುಗಟ್ಟುತ್ತದೆ, ಊರು ಸವೆಯುತ್ತದೆ. ನಿಮ್ಮ ಅರಮನೆ ಮೂಲರೂಪವನ್ನು ಕಾಪಾಡಿಕೊಳ್ಳಲಿ. ಪ್ರಜೆಗಳು ಕನ್ನಡವನ್ನೇ ಆಡಲಿ. ಸವೆದ ರೂಪ ಊರುಗಳ, ಆಳುಗಳ ಹೆಸರಿನಲ್ಲಿ, ಆ ಹೆಸರಿಗೆ ಹಚ್ಚುವ ವಿಭಕ್ತಿಯಲ್ಲಿ ಬಂದರೆ ಸಾಕು.

ಸವೆತಕ್ಕೆ ಎರಡೇ ನಿಯಮ ಇಡಿ. ಒಂದು: ಎರಡು ಸ್ವರಗಳ ನಡುವೆ ಬಿಡಿಯಾಗಿ ಬರುವ ಪ, ತ, ಕ ಸಡಿಲಗೊಂಡು ಬ, ದ, ಗ ಆಗಲಿ, ಒತ್ತಿದ್ದರೆ ಹಾಗೇ ಉಳಿಯಲಿ. ಎರಡು: ಪದಾಂತ್ಯದ ಹ್ರಸ್ವ ಸ್ವರ ಬಿದ್ದುಹೋಗಲಿ. ಕೋಟೆಯ ಮೂಲ ಹೆಸರು ‘ಮೇತಕ’ ಅನ್ನಿ. ಮೊದಲ ನಿಯಮದಿಂದ ಮೇದಗ, ಎರಡನೆಯದರಿಂದ ಮೇದಗ್. ಕ್ರಮ ತಿರುಗಿಸಿದರೆ ಮೊದಲು ಮೇತಕ್, ಆಮೇಲೆ ಮೇದಕ್. ಕೊನೆಯ ಕಕಾರಕ್ಕೆ ಮುಂದೆ ಸ್ವರವಿಲ್ಲದೆ ಸಡಿಲವಾಗದು. ಎರಡೂ ಸರಿಯೇ, ಆದರೆ ಒಂದೇ ನಾಟಕದಲ್ಲಿ ಎರಡೂ ಬಂದರೆ ಕಟ್ಟಡ ಕುಸಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಕ್ರಮವನ್ನು ಪಟ್ಟಿಯ ಮೊದಲ ಹಾಳೆಯಲ್ಲೇ ಬರೆದಿಡಿ.

ವಿಭಕ್ತಿ ಹಚ್ಚಿದಾಗ ಇದರ ಸೊಗಸು ಕಾಣುತ್ತದೆ. ‘-ಸೂ’ ಚತುರ್ಥಿ ಎಂದಿಟ್ಟರೆ ಅರಮನೆಯಲ್ಲಿ ‘ಮೇತಕಸೂ’, ಊರಲ್ಲಿ ‘ಮೇದಗಸೂ’. ಒಂಟಿ ಪದದಲ್ಲಿ ಬಿದ್ದ ಅಕಾರ ಇಲ್ಲಿ ಪದಾಂತ್ಯವಲ್ಲದ ಕಾರಣ ಬದುಕಿಕೊಳ್ಳುತ್ತದೆ. ಅಪವಾದಗಳನ್ನು ನೀವು ಕೂತು ಕಟ್ಟಬೇಕಿಲ್ಲ, ನಿಯಮವೇ ಹೆರುತ್ತದೆ. ವಿಭಕ್ತಿ ನಾಲ್ಕಿದ್ದರೆ ಸಾಕು. ಲಿಂಗಭೇದ ಬೇಡ, ನಟರಿಗೆ ಸುಮ್ಮನೆ ಹೊರೆ.

ಅಂತಸ್ತು ತೋರಿಸಬೇಕಾದ್ದು ಕ್ರಿಯಾಪದದಲ್ಲಿ. ನಾವೇ ‘ಬನ್ನಿ’ ಎಂಬಲ್ಲಿ ‘ದಯಮಾಡಿಸಿ’, ‘ಕೊಡಿ’ ಎಂಬಲ್ಲಿ ‘ದಯಪಾಲಿಸಿ’ ಅನ್ನುತ್ತೇವೆ. ಹಳಗನ್ನಡದಲ್ಲಿ ಅರಸ ಹೋದರೆ ‘ಬಿಜಯಂಗೆಯ್ದಂ’. ಜಾವಾ ಭಾಷೆಯಲ್ಲಿ ಸಮಾನರ ಊಟ ‘ಮಾಂಗಾನ್’, ದೊಡ್ಡವರದು ‘ಧಾಹಾರ್’. ಎರಡನೆಯದನ್ನು ತನ್ನ ಊಟಕ್ಕೆ ಯಾರೂ ಬಳಸುವುದಿಲ್ಲ. ಬರು, ಹೋಗು, ತಿನ್ನು, ಮಲಗು, ಕೊಡು, ಹೇಳು, ಸಾಯು ಈ ಏಳಕ್ಕೆ ಜೋಡಿ ಪದ ಮಾಡಿ. ಮೂರನೆಯ ಅಂಕದಲ್ಲಿ ಆಳೊಬ್ಬ ದೊರೆಯ ಸಾವಿಗೆ ಸಾಮಾನ್ಯ ಕ್ರಿಯಾಪದ ಬಳಸಿದರೆ ಸಭೆ ಬೆಚ್ಚಬೇಕು. ಅದಕ್ಕಾಗಿ ಗೌರವದ ಜೋಡಿಯನ್ನು ಮೊದಲ ಅಂಕದಲ್ಲೇ ಎರಡು ಸಲ ಕೇಳಿಸಿರಬೇಕು.

300 ಪದ ವಿಪರೀತವಾಯಿತು. ಎರಡು ಗಂಟೆಯ ನಾಟಕಕ್ಕೆ 60 ಬೇರು, ಇಪ್ಪತ್ತು ಸಾಲು ಸಾಕು. ಒಂದು ಸಾಲಿಗೆ ಆರು ಪದ ಮೀರಬಾರದು. ಪಟ್ಟಿಯನ್ನು ನಟರಿಗೆ ಕೊಡುವ ಮೊದಲು ಉಕ್ತಲೇಖನ ಮಾಡಿಸಿ: ಒಬ್ಬರು ರಂಗದ ಮೇಲಿಂದ ಹತ್ತು ಪದ ಹೇಳಲಿ, ಇನ್ನೊಬ್ಬರು ಕೊನೆಯ ಸಾಲಿನಲ್ಲಿ ಕೂತು ಬರೆದುಕೊಳ್ಳಲಿ. ಮೂರು ತಪ್ಪಿದರೆ ಯಾವ ಎರಡು ಧ್ವನಿ ಕಲೆತುಹೋದವೆಂದು ನೋಡಿ, ಅವುಗಳಲ್ಲಿ ಒಂದನ್ನು ಕೈಬಿಡಿ.