ಸೇರಿಸಿದವರು ಯಾರು?

ನಮಸ್ಕಾರ. ಪ್ರಜ್ಞಾವಂತ ನಾಗರಿಕರನ್ನು ರೂಪಿಸುವಲ್ಲಿ ಇತಿಹಾಸ ಮತ್ತು ಪೌರನೀತಿಯ ಪಾಠಗಳ ಪಾತ್ರವನ್ನು ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಪೀಠಿಕೆ ಅಚ್ಚುಕಟ್ಟಾಗಿದೆ, ಸಮಾಜವಿಜ್ಞಾನವನ್ನು ಅಂಕಗಳಿಗಷ್ಟೇ ಓದಿಸುತ್ತಾರೆಂಬ ನಿಮ್ಮ ದೂರನ್ನು ಒಪ್ಪುತ್ತೇನೆ. ಆದರೆ ಎರಡನೆಯ ಪುಟ ಓದುವಾಗ ನನಗೆ ಸಿಟ್ಟು ಬಂತು. ಅದರ ಕಾರಣವನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

‘1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಸಲ್ಪಟ್ಟಿತು’ ಎಂದಿದ್ದೀರಿ. ಯಾರಿಂದ? ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಈ ತಾಲೂಕನ್ನು ಕೇರಳಕ್ಕೆ ಕೊಡಬೇಕೆಂದು 1955ರಲ್ಲಿ ಶಿಫಾರಸು ಮಾಡಿದ್ದು ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ. ಮರುವರ್ಷ ಕಾಯ್ದೆ ಮಾಡಿದ್ದು ಸಂಸತ್ತು. ನವೆಂಬರ್ 1ರಂದು ಅದು ಜಾರಿಗೆ ಬಂತು. ಸಲಹೆ ಕೊಟ್ಟವರು ಒಬ್ಬರು, ನಿರ್ಧರಿಸಿದವರು ಇನ್ನೊಬ್ಬರು. ನಿಮ್ಮ ‘ಲ್ಪಟ್ಟಿತು’ ಇಬ್ಬರನ್ನೂ ಮರೆಮಾಡಿ, ಒಂದು ನೆಲದ ಹಣೆಬರಹವನ್ನು ಮಳೆಗಾಲದ ನೆರೆಯಂತೆ ತಾನಾಗಿ ಬಂದೆರಗಿದ ಸಂಗತಿಯನ್ನಾಗಿ ಮಾಡುತ್ತದೆ.

ಮುಂದಿನ ಸಾಲು: ‘ಮಹಾಜನ ಆಯೋಗದ ತೀರ್ಪು ಅನುಷ್ಠಾನಗೊಳ್ಳಲಿಲ್ಲ.’ ನಮ್ಮ ಊರುಗಳ ಸಭೆಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿ ನೊಂದಿದ್ದೇನೆ. ಮೆಹರ್ ಚಂದ್ ಮಹಾಜನರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಿಜ, ಆದರೆ ರಾಜ್ಯಗಳ ಗಡಿ ತಕರಾರನ್ನು ಪರಿಶೀಲಿಸಿ 1967ರಲ್ಲಿ ಅವರ ಆಯೋಗ ಕೊಟ್ಟದ್ದು ವರದಿ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂಬುದು ಅದರ ಶಿಫಾರಸು. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯ ಪ್ರಕಾರ ಸಂಸತ್ತಿನದು, ಅದೂ ಕಾನೂನಿನ ಮೂಲಕವೇ. ತೀರ್ಪಿಗೂ ಶಿಫಾರಸಿಗೂ ಇರುವ ಈ ಅಂತರವನ್ನು ತಿಳಿಸದಿದ್ದರೆ, ಓದುವ ಹುಡುಗ ಗೆದ್ದ ಮೊಕದ್ದಮೆಯೊಂದು ಕಡತದಲ್ಲಿ ಕೊಳೆಯುತ್ತಿದೆಯೆಂದು ನಂಬುತ್ತಾನೆ. ಮಸೂದೆಯನ್ನು ಯಾರು ತರಲಿಲ್ಲ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದೇ ಇಲ್ಲ.

ಮೂವತ್ತು ವರ್ಷಗಳ ಹಿಂದೆ ನಾನು ಸುದ್ದಿಮನೆಯ ಕೆಲಸ ಕಲಿಯುತ್ತಿದ್ದಾಗ ‘ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಲಾಗಿದೆ’ ಎಂದು ಬರೆದು ಕೊಟ್ಟಿದ್ದೆ. ನಮ್ಮ ಹಿರಿಯ ಸಂಪಾದಕರು ‘ಲಾಗಿದೆ’ ಎಂಬಲ್ಲಿ ಕೆಂಪು ಶಾಯಿಯಿಂದ ಸುತ್ತುಹಾಕಿ, ಪಕ್ಕದಲ್ಲಿ ‘ಯಾರು?’ ಎಂದಷ್ಟೇ ಬರೆದು ಹಿಂದಿರುಗಿಸಿದರು. ಆ ಒಂದು ಪದಕ್ಕಾಗಿ ಹನ್ನೊಂದು ದಿನ ಕಚೇರಿಯಿಂದ ಕಚೇರಿಗೆ ಅಲೆದೆ. ಹುದ್ದೆಯ ಪಟ್ಟಿ ಒಂದು ಕಡೆ, ಭಾಷೆಯ ಅರ್ಹತೆ ನೋಡುವುದು ಮತ್ತೊಂದು ಕಡೆ, ಸಹಿ ಇನ್ನೊಂದು ಕಡೆ. ಪದವಿ ತರಗತಿಯವರೆಗೂ ಪೌರನೀತಿ ಓದಿದ್ದ ನನಗೆ ಇದಾವುದೂ ತಿಳಿದಿರಲಿಲ್ಲ. ವರದಿ ಅಚ್ಚಾದ ಮೇಲೆ ಹೆತ್ತವರಿಗೆ ತಮ್ಮ ಮನವಿಯನ್ನು ಯಾರ ಮೇಜಿಗೆ ಒಯ್ಯಬೇಕೆಂಬುದು ಗೊತ್ತಾಯಿತು. ಅಂದಿನಿಂದ ಕರ್ತೃವಿಲ್ಲದ ವಾಕ್ಯ ಕಂಡರೆ ನನ್ನ ಕೈ ಕೆಂಪು ಶಾಯಿಯ ಪೆನ್ನನ್ನು ಹುಡುಕುತ್ತದೆ.

ಆದ್ದರಿಂದಲೇ ‘ಭಾಷಾ ಅಲ್ಪಸಂಖ್ಯಾತರಿಗೆ ಸೌಲಭ್ಯಗಳನ್ನು ಒದಗಿಸಲಾಗಿದೆ’ ಎಂಬ ಸಾಲನ್ನು ಸಹಿಸಲಾರೆ. ಒದಗಿಸಬೇಕಾದವರು ಯಾರೆಂದು ಸಂವಿಧಾನ ಹೇಳಿದೆ. 1956ರಲ್ಲೇ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿ, ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ಪ್ರಯತ್ನಿಸುವ ಹೊಣೆಯನ್ನು ರಾಜ್ಯದ ಮೇಲೂ ಸ್ಥಳೀಯ ಆಡಳಿತದ ಮೇಲೂ ಹೊರಿಸುತ್ತದೆ. ‘ಪ್ರಯತ್ನಿಸುವ’ ಎಂಬ ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ನಮ್ಮ ಶಾಲೆಗಳ ಅರ್ಧ ಸಂಕಟ ಅದರೊಳಗಿದೆ.

ಕೊನೆಯ ಪುಟದಲ್ಲಿ, ಮಲಯಾಳದಲ್ಲಿ ಬಂದ ಸರ್ಕಾರಿ ನೋಟೀಸನ್ನು ಓದಲಾರದೆ ನಿಮ್ಮ ಅಜ್ಜ ಅದನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಗೆ ನಡೆದರೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಲೇಖನ ಅಲ್ಲಿಂದಲೇ ಆರಂಭವಾಗಲಿ. ನೋಟೀಸು ಕಳುಹಿಸಿದ ಕಚೇರಿ ಯಾವುದು, ಅದನ್ನು ಓದಿ ಹೇಳಿದವರು ಯಾರು, ಅದರಲ್ಲಿ ಏನಿತ್ತು? ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂಬ 350ನೆಯ ವಿಧಿಯ ಹಕ್ಕು ಅಜ್ಜನಿಗೆ ಗೊತ್ತಿತ್ತೇ, ಅವರು ಉತ್ತರ ಬರೆದರೇ, ಬರೆದಿದ್ದರೆ ಕನ್ನಡದಲ್ಲೋ? ಮನೆಯವರನ್ನು ಕೇಳಿ, ತಿಳಿದಷ್ಟನ್ನು ಬರೆದು ಕಳುಹಿಸಿ. ಕಾಯುತ್ತೇನೆ.