ಬೀರು ಇರುವ ಕೋಣೆಯಲ್ಲಿ ಬಾಣಂತಿ

ಈ ಪತ್ರ ಬಂದಿದ್ದು ನಿನ್ನೆ ರಾತ್ರಿ. ಕಾಯುತ್ತಿರುವ ಬೇರೆ ಪತ್ರಗಳನ್ನೆಲ್ಲ ಬದಿಗಿಟ್ಟು ಇದನ್ನೇ ಮೊದಲು ಕೈಗೆತ್ತಿಕೊಂಡಿದ್ದೇನೆ. ಹನ್ನೊಂದು ದಿನದ ಮಗುವಿನ ತಾಯಿಗೆ ಮುಂದಿನ ತಿಂಗಳು ಉತ್ತರ ಕೊಟ್ಟರೆ ಏನು ಬಂತು?

ಬರೆದವರು ತಿಪಟೂರು ಕಡೆಯವರು. ಚೊಚ್ಚಲ ಹೆರಿಗೆ, ಸಿಸೇರಿಯನ್ ಇಲ್ಲ, ಬಾಣಂತನ ತವರಿನಲ್ಲಿ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಪಕ್ಕದಲ್ಲೇ ಕೂತು ಮಗುವಿಗೆ ಮೊಲೆ ಹಿಡಿಸಿಕೊಟ್ಟರಂತೆ, ಅಲ್ಲಿದ್ದಷ್ಟು ದಿನ ಮಗು ಚೆನ್ನಾಗಿ ಕುಡಿದಿದೆ. ಮನೆಗೆ ಬಂದ ಮೇಲೆ ಶುರುವಾಗಿದೆ ನೋವು. ತೊಟ್ಟು ಒಡೆದು ರಕ್ತ ಜಿನುಗುತ್ತಿದೆ. ಮಗು ಎದ್ದರೆ ಸಾಕು ಇವರ ಎದೆ ಝಲ್ ಎನ್ನುತ್ತದೆ, ಹಲ್ಲು ಕಚ್ಚಿಕೊಂಡು ಕುಡಿಸುತ್ತಾರೆ, ಮುಗಿಯುವಷ್ಟರಲ್ಲಿ ಇಬ್ಬರೂ ಅಳುತ್ತಿರುತ್ತಾರೆ. ಅರಸೀಕೆರೆಯಿಂದ ಅತ್ತೆ ದಿನಾ ಫೋನ್ ಮಾಡಿ "ನಿನಗೆ ಹಾಲು ಸಾಲ್ತಿಲ್ಲ, ಪೌಡರ್ ಹಾಲು ಹಾಕು" ಎನ್ನುತ್ತಾರೆ. ಗಂಡ ಭಾನುವಾರ ಬರುವಾಗ ಡಬ್ಬಿಯನ್ನೂ ತಂದಿಟ್ಟಿದ್ದಾರೆ. "ನಾನು ತಾಯಿಯಾಗೋಕೆ ಲಾಯಕ್ಕಾ ಅನ್ನಿಸ್ತಿದೆ ಮೇಡಂ" ಎನ್ನುವಲ್ಲಿಗೆ ಪತ್ರ ಮುಗಿಯುತ್ತದೆ.

ಅತ್ತೆಯ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಬೀರುವಿನ ಬಗ್ಗೆ ಒಂದೇ ಒಂದು ಸಾಲು. ನನಗೆ ಬೇಕಾಗಿದ್ದು ಆ ಸಾಲು.

"ಮನೆಯ ಬೀರು ನಾನು ಮಲಗೋ ಕೋಣೆಯಲ್ಲೇ ಇದೆ, ಯಾರಾದ್ರೂ ಬಂದು ಹೋಗ್ತಾ ಇರ್ತಾರೆ, ಅದಕ್ಕೆ ಕುಡಿಸುವಾಗ ಮೇಲೆ ವೇಲ್ ಹೊದ್ದುಕೊಂಡಿರ್ತೀನಿ."

ಅಲ್ಲಮ್ಮಾ, ಇದನ್ನು ಮೊದಲು ಹೇಳಬಾರದಾ!

ಹೆರಿಗೆ ವಾರ್ಡಿನಲ್ಲಿ ಅಕ್ಕಪಕ್ಕ ಎಲ್ಲ ಬಾಣಂತಿಯರೇ. ಅಲ್ಲಿ ನೀವು ಯಾರಿಗೂ ನಾಚಿಕೊಳ್ಳಲಿಲ್ಲ, ವೇಲ್ ಹೊದೆಯಲಿಲ್ಲ, ಮಗುವಿನ ಬಾಯಿ ನಿಮ್ಮ ಕಣ್ಣೆದುರಿಗೇ ಇತ್ತು. ಈಗ ಅದು ಬಟ್ಟೆಯ ಒಳಗಿದೆ. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ಅಂದಾಜಿನ ಮೇಲೆ ಹಿಡಿಸುತ್ತೀರಿ, ಅಷ್ಟರಲ್ಲಿ ಯಾರೋ ಒಳಗೆ ಬರುತ್ತಾರೆ, ನೀವು ಭುಜ ಮುದುರಿ ಬಗ್ಗುತ್ತೀರಿ, ಮಗು ಒಂದಿಷ್ಟು ಜಾರುತ್ತದೆ, ಜಾರಿದ ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡು ಎಳೆಯುತ್ತದೆ. ಒಡೆಯದೆ ಇನ್ನೇನಾಗುತ್ತದೆ? ಮಗು ಕುಡಿಯಬೇಕಾದ್ದು ತೊಟ್ಟನ್ನು ಚೀಪಿ ಅಲ್ಲ. ಸುತ್ತಲಿನ ಕಪ್ಪು ಭಾಗವೂ ಬಾಯಿ ತುಂಬ ಒಳಗೆ ಹೋಗಿ, ತೊಟ್ಟು ಅಂಗುಳಿನ ಹಿಂದಿನ ಮೆತ್ತನೆಯ ಜಾಗಕ್ಕೆ ತಲುಪಬೇಕು. ಮುಂದೆಯೇ ಉಳಿದರೆ ನಾಲಿಗೆಗೂ ಗಟ್ಟಿ ಅಂಗುಳಿಗೂ ಮಧ್ಯೆ ಸಿಕ್ಕಿಕೊಂಡು ನಲುಗುತ್ತದೆ. "ಮಗು ಬಿಟ್ಟಾಗ ತೊಟ್ಟು ಒಂದು ಕಡೆಗೆ ಚಪ್ಪಟೆಯಾಗಿರತ್ತೆ" ಎಂದು ನೀವೇ ಬರೆದಿದ್ದೀರಲ್ಲ, ಅದರ ಅರ್ಥ ಇದೇ.

ಹಾಲು ಸಾಲದ ಮಾತಂತೂ ಬೇಡವೇ ಬೇಡ. ಲೆಕ್ಕ ನಿಮ್ಮ ಪತ್ರದಲ್ಲೇ ಇದೆ. ಹುಟ್ಟಿದಾಗ ಮಗು 2.9 ಕೆ.ಜಿ. ಮೂರನೇ ದಿನ ಆಶಾ ಕಾರ್ಯಕರ್ತೆ ತೂಗಿದಾಗ 2.7. ಏಳನೇ ದಿನ 2.8. ಮೊದಲ ಮೂರ್ನಾಲ್ಕು ದಿನ ಹೆಚ್ಚಿನ ಮಕ್ಕಳು ಸ್ವಲ್ಪ ಇಳಿಯುತ್ತವೆ, ನೂರಕ್ಕೆ ಏಳರಷ್ಟು ಇಳಿದಿದ್ದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಆಮೇಲೆ ನಾಲ್ಕೇ ದಿನದಲ್ಲಿ 100 ಗ್ರಾಂ ಏರಿದೆ. ದಿನಕ್ಕೆ ಏಳೆಂಟು ಬಟ್ಟೆ ಒದ್ದೆ ಮಾಡುತ್ತಿದೆ. ಒಳಗೆ ಹೋಗದ್ದು ಹೊರಗೆ ಬರುತ್ತದಾ? ನಿಮ್ಮ ಹಾಲು ಸಾಲುತ್ತಿದೆ, ನೋವು ತಿಂದುಕೊಂಡು ಸಾಲಿಸುತ್ತಿದ್ದೀರಿ, ಅಷ್ಟೇ.

ಅತ್ತೆಯನ್ನು ಬಿಟ್ಟುಬಿಡಿ. ಅವರು ಇರುವುದು ಅರಸೀಕೆರೆಯಲ್ಲಿ, ಮೊಮ್ಮಗು ತಿಪಟೂರಿನಲ್ಲಿ, ನೋಡಲಾಗದ ಸಂಕಟಕ್ಕೆ ಏನೋ ಒಂದು ಹೇಳುತ್ತಾರೆ. ಫೋನಿನಲ್ಲಿ ಬಂದ ಮಾತಿಗೆ ತೊಟ್ಟು ಒಡೆಯುವುದಿಲ್ಲ. ನನಗೆ ಸಿಟ್ಟು ಬಂದಿದ್ದು ನಿಮ್ಮ ತಮ್ಮನ ಮೇಲೆ. "ಪಾಪ, ಅವನು ತಲೆ ತಗ್ಗಿಸ್ಕೊಂಡೇ ಬಂದು ಶರ್ಟ್ ತಗೊಂಡು ಹೋಗ್ತಾನೆ" ಎಂದು ಬರೆದಿದ್ದೀರಿ. ಯಾವ ಪಾಪ? ದಿನಕ್ಕೆ ನಾಲ್ಕು ಸಲ ತಲೆ ತಗ್ಗಿಸಿಕೊಂಡು ಬರುವ ಬದಲು ಒಂದು ಸಲ ತಲೆ ಎತ್ತಿ, ಶರ್ಟುಗಳನ್ನೆಲ್ಲ ಬಾಚಿ ಹೊರಗೆ ಇಟ್ಟುಕೊಳ್ಳಬಾರದಾ? ಎಂಜಿನಿಯರಿಂಗ್ ಓದುತ್ತಾನಂತೆ, ಅಕ್ಕ ಒಂದು ಕೋಣೆಯಲ್ಲಿ ಬಾಣಂತಿಯಾಗಿದ್ದಾಳೆ ಅಂದರೆ ಅದು ಮೂರು ತಿಂಗಳು ಅವಳ ಕೋಣೆ ಅನ್ನುವುದು ಗೊತ್ತಾಗುವುದಿಲ್ಲವಾ?

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತೇ ಇದೆ: ಬಾಣಂತಿಗೆ ಕಷಾಯಕ್ಕಿಂತ ಮೊದಲು ಬಾಗಿಲು ಬೇಕು. ನನ್ನ ಬಾಣಂತನ ಆಗಿದ್ದು ಮೈಸೂರಿನ ಒಂದು ವಠಾರದಲ್ಲಿ. ಎರಡೇ ಕೋಣೆ, ಎಂಟು ಜನ. ನಮ್ಮಜ್ಜಿ ನಾನು ಕುಡಿಸುವ ಹೊತ್ತಿಗೆ ಸರಿಯಾಗಿ ಹೊಸಿಲಿಗೆ ಅಡ್ಡ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಯಾರು ಬಂದರೂ "ಆಮೇಲೆ ಬಾ". ನಮ್ಮಪ್ಪನಿಗೂ ಅದೇ ಮಾತು. ಅಜ್ಜಿ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ನನಗೆ ಬೇಕಾದಷ್ಟು ನೀರು ಕುಡಿಯಲು ಬಿಡಲಿಲ್ಲ, ಎಳೇ ಮಗುವಿರುವ ಕೋಣೆಗೆ ಕಣ್ಣುರಿಯುವಷ್ಟು ಲೋಬಾನದ ಹೊಗೆ ಹಾಕಿದರು, ಎರಡೂ ತಪ್ಪು. ಆದರೆ ಹೊಸಿಲು ಕಾದರಲ್ಲ, ಅದನ್ನು ನಾನು ಮರೆತಿಲ್ಲ. ಇವತ್ತಿನ ಬಾಣಂತಿಗೆ ಅಂಟಿನುಂಡೆ ಸಿಗುತ್ತದೆ, ಸಬ್ಬಸಿಗೆ ಸೊಪ್ಪಿನ ಪಲ್ಯ ಸಿಗುತ್ತದೆ, ಕಿವಿಗೆ ಹತ್ತಿ ಸಿಗುತ್ತದೆ, ಅರ್ಧ ಗಂಟೆ ಒಂಟಿಯಾಗಿ ಕೂರಲು ಮಾತ್ರ ಸಿಗುವುದಿಲ್ಲ.

ಮನೆಯಲ್ಲಿ ಎರಡು ಹಸು ಇವೆ ಅಂತಲೂ ಬರೆದಿದ್ದೀರಿ. ಹಾಲು ಕರೆಯುವಾಗ ಹೊಸಬರು ಕೊಟ್ಟಿಗೆಗೆ ಬಂದರೆ ಹಸು ಹಾಲು ಬಿಡುವುದಿಲ್ಲ ಅಂತ ನಿಮ್ಮಮ್ಮನಿಗೆ ನಾನು ಹೇಳಿಕೊಡಬೇಕಾ? ಹೆಂಗಸರಲ್ಲೂ ಹಾಲು ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಗಾಬರಿ, ನಾಚಿಕೆ, ನೋವು ಇದ್ದರೆ ಅದು ಆ ಹೊತ್ತಿಗೆ ಹಿಂಜರಿಯುತ್ತದೆ. ಮಗು ಎಳೆದೆಳೆದು ಅಳುವುದನ್ನು ನೋಡಿದವರು ಹಾಲಿಲ್ಲ ಎನ್ನುತ್ತಾರೆ.

ಆದ್ದರಿಂದ ಒಂದೇ ಕೆಲಸ. ಇವತ್ತೇ ಬೀರು ಆಚೆ ಹಾಕಿಸಿ. ಭಾರ ಅನ್ನಬೇಡಿ, ಖಾಲಿ ಮಾಡಿದರೆ ತಮ್ಮ ಮತ್ತವನ ಇಬ್ಬರು ಸ್ನೇಹಿತರು ಹತ್ತು ನಿಮಿಷದಲ್ಲಿ ಹಾಲ್‌ಗೆ ಸಾಗಿಸುತ್ತಾರೆ. ಆಮೇಲೆ ಕುಡಿಸುವಾಗಲೆಲ್ಲ ಒಳಗಿನಿಂದ ಚಿಲಕ ಹಾಕಿಕೊಳ್ಳಿ. ವೇಲ್ ಮಡಚಿಡಿ.

ಚಿಲಕ ಹಾಕಿದ ಮೇಲೆ ಗೋಡೆಗೆ ಒರಗಿ ಆರಾಮಾಗಿ ಕೂರಿ, ಬೆನ್ನಿಗೆ ದಿಂಬು, ತೊಡೆಯ ಮೇಲೂ ಒಂದು. ಎದೆ ಕಲ್ಲಿನ ಹಾಗೆ ಬಿಗಿದಿದ್ದರೆ ಮಗುವಿಗೆ ಕಚ್ಚಲು ಆಗುವುದಿಲ್ಲ, ಮೊದಲು ಬೆರಳಲ್ಲಿ ಒತ್ತಿ ಸ್ವಲ್ಪ ಹಾಲು ತೆಗೆದು ಮೆತ್ತಗೆ ಮಾಡಿಕೊಳ್ಳಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಮೂಗು ತೊಟ್ಟಿನ ಎದುರಿಗೆ ಬರಲಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವ ತನಕ ಕಾಯಿರಿ. ತೆರೆದ ತಕ್ಷಣ ಮಗುವನ್ನೇ ಹತ್ತಿರಕ್ಕೆ ತಂದುಕೊಳ್ಳಿ, ನೀವು ಬಗ್ಗಬೇಡಿ. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ಮೊದಲ ಕೆಲವು ಸೆಕೆಂಡು ಚುರ್ ಎನ್ನಬಹುದು. ಅದಕ್ಕಿಂತ ಜಾಸ್ತಿ ನೋವಾದರೆ ಸಹಿಸಬೇಡಿ. ಮಗುವಿನ ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಐದು ಸಲ ಆದರೂ ಸರಿ. ತಾಯಿ ಅಂದರೆ ಸಹಿಸಬೇಕು ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ನೋವು ಹಿಡಿತ ಸರಿಯಿಲ್ಲ ಅಂತ ಹೇಳುತ್ತಿದೆ, ಅದನ್ನು ಕೇಳಿಸಿಕೊಳ್ಳಬೇಕು. ಕುಡಿಸಿಯಾದ ಮೇಲೆ ನಾಲ್ಕು ಹನಿ ನಿಮ್ಮ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ, ಅದಕ್ಕೂ ಚಿಲಕ ಬೇಕಲ್ವಾ. ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ಮಾತ್ರ ಮನೆಮದ್ದು ಅಂತ ಕೂರದೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಹಾಗೆ ಆದಾಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.

ಪೌಡರ್ ಡಬ್ಬಿಯನ್ನು ಡಾಕ್ಟರ್ ಹೇಳದೆ ತೆರೆಯಬೇಡಿ. ತಾಯಿಯ ಹಾಲೇ ಮಗುವಿಗೆ ಉತ್ತಮ ಅಂತ ಅದರ ಮೇಲೇ ಬರೆದಿರುತ್ತದೆ, 1992ರ ಕಾಯ್ದೆ ಹಾಗೆ ಬರೆಯಿಸಿದೆ. ನಿಮ್ಮ ಯಜಮಾನರು ಮುಂದಿನ ಭಾನುವಾರ ಬಂದಾಗ ಕನ್ನಡಕ ಹಾಕಿಕೊಂಡು ಓದಲಿ.

ಹದಿನಾಲ್ಕನೇ ದಿನ ಆಶಾ ಮತ್ತೆ ತೂಕ ನೋಡಲು ಬರುತ್ತಾರೆ. ಬರೀ ತೂಗಿಸಿ ಕಳಿಸಬೇಡಿ, ಬಾಗಿಲು ಹಾಕಿಕೊಂಡು ಅವರೆದುರಿಗೆ ಒಮ್ಮೆ ಕುಡಿಸಿ, ಹಿಡಿತ ನೋಡಿ ಅಂತ ಕೇಳಿ. ಅದಕ್ಕಿನ್ನು ಮೂರೇ ದಿನ. ತಮ್ಮನನ್ನು ಎಬ್ಬಿಸಿ.